ನಿಂತ ಸೂಜಿ, ನಡೆಯುವ ಬಟ್ಟೆ

ವಿಜಯನಗರದಿಂದ ನಾಗರಬಾವಿಯತ್ತ ಸಾಗುವ ದಾರಿಯಲ್ಲಿ ಸಿಗುವ ಮೂಡಲಪಾಳ್ಯ ಇರುವುದು ಬೆಂಗಳೂರಿನ ಪಡುವಣ ದಿಕ್ಕಿಗೆ. ಹೆಸರಿನಲ್ಲಿ ಮಾತ್ರ ಮೂಡಣ. ಈ ಕಡೆಯ ಬಡಾವಣೆಗಳಲ್ಲಿ ಬೀದಿಗೊಂದರಂತೆ ಕಾಣುವ ಲೇಡೀಸ್ ಟೈಲರ್ ಅಂಗಡಿಗಳ ಬೋರ್ಡುಗಳನ್ನು ನಿಂತು ಓದಿದರೆ ಒಂದು ಪುಟ್ಟ ಪದಕೋಶವೇ ಸಿಗುತ್ತದೆ: ಫಾಲ್, ಜಿಗ್‌ಜಾಗ್, ಸೀರೆ ಕುಚ್ಚು, ಮಗ್ಗಂ ವರ್ಕ್, ಮೆಷಿನ್ ಎಂಬ್ರಾಯ್ಡರಿ, ಕಂಪ್ಯೂಟರ್ ಎಂಬ್ರಾಯ್ಡರಿ. ಕೊನೆಯ ಮೂರೂ ಬಟ್ಟೆಯ ಮೇಲೆ ದಾರದಿಂದ ಚಿತ್ರ ಮೂಡಿಸುವ ಕೆಲಸಗಳೇ. ಮಗ್ಗಂ ಎಂದರೆ ಚೌಕಟ್ಟಿಗೆ ಬಟ್ಟೆ ಬಿಗಿದು, ತುದಿಯಲ್ಲಿ ಕೊಕ್ಕೆಯಿರುವ ಸೂಜಿಯಿಂದ ಕೈಯಲ್ಲೇ ಮಾಡುವ ಕಸೂತಿ. ಕಂಪ್ಯೂಟರ್ ಎಂದರೆ ಗುಂಡಿ ಒತ್ತಿದ ಮೇಲೆ ಯಂತ್ರ ತಾನೇ ಮುಗಿಸುವ ಕಸೂತಿ. ನಡುವೆ ಇರುವ 'ಮೆಷಿನ್ ಎಂಬ್ರಾಯ್ಡರಿ'ಯ ಬಗ್ಗೆ ಮಾತ್ರ ತಿಳಿವಳಿಕೆಗಿಂತ ತಪ್ಪು ತಿಳಿವಳಿಕೆಯೇ ಹೆಚ್ಚು.

ಬ್ಲೌಸಿನ ತೋಳಿನ ಮೇಲಿನ ಬಳ್ಳಿಯನ್ನು ಬೆರಳಿನಿಂದ ಸವರಿ ನೋಡುವ ಗಿರಾಕಿ ಕೇಳುವ ಮೊದಲ ಪ್ರಶ್ನೆ, "ಇದು ಕೈದಾ, ಮೆಷಿನ್ದಾ ಅಕ್ಕಾ?" ಎಂದು. ಕೈಯದು ಎಂದರೆ ಒಂದು ದರ, ಮೆಷಿನಿನದು ಎಂದರೆ ಅದಕ್ಕಿಂತ ಕಡಿಮೆ ದರ. ಎರಡೂ ಹೌದು ಎಂಬ ಉತ್ತರಕ್ಕೆ ದರಪಟ್ಟಿಯಲ್ಲಿ ಜಾಗವಿಲ್ಲ. ಆದರೆ ಈ ಕಸೂತಿಯ ಮಟ್ಟಿಗೆ ಸರಿಯಾದ ಉತ್ತರ ಅದೇ. ಇಲ್ಲಿ ಸೂಜಿಯನ್ನು ಮೇಲೆ ಕೆಳಗೆ ಆಡಿಸುವುದಷ್ಟೇ ಯಂತ್ರದ ಪಾಲು. ಹೊಲಿಗೆ ಎಲ್ಲಿ ಬೀಳಬೇಕು, ಎಷ್ಟು ಉದ್ದ ಇರಬೇಕು, ಗೆರೆ ಎಲ್ಲಿ ಬಾಗಬೇಕು, ಎಸಳು ಎಲ್ಲಿ ತುಂಬಬೇಕು ಎಂಬುದೆಲ್ಲ ಕೈಯ ತೀರ್ಮಾನ. ಪಾಶ್ಚಾತ್ಯ ದೇಶಗಳಲ್ಲಿ ಇದನ್ನು ಮುಕ್ತ ಯಂತ್ರ ಕಸೂತಿ ಎಂಬ ಅರ್ಥದ ಹೆಸರಿನಿಂದ ಕರೆದು ಕಲಾಶಾಲೆಗಳಲ್ಲಿ ಕಲಿಸುತ್ತಾರೆ. ನಮ್ಮಲ್ಲಿ ಅದೇ ವಿದ್ಯೆಯನ್ನು ಟೈಲರ್ ಅಂಗಡಿಯ ಮೂಲೆಯಲ್ಲಿ ಕುಳಿತ ಹೆಣ್ಣುಮಗಳು ಹೆಸರಿಲ್ಲದೆ ಮಾಡುತ್ತಿರುತ್ತಾಳೆ.

ಹಲ್ಲು ಕಿತ್ತ ಯಂತ್ರ

ಮೊದಲು ಸಾಮಾನ್ಯ ಹೊಲಿಗೆ ಹೇಗೆ ನಡೆಯುತ್ತದೆ ಎಂಬುದನ್ನು ನೋಡೋಣ. ಕೈಸೂಜಿಯ ಕಣ್ಣು ಹಿಂಬದಿಯಲ್ಲಿದ್ದರೆ ಯಂತ್ರದ ಸೂಜಿಯ ಕಣ್ಣು ಮೊನೆಯ ಹತ್ತಿರ ಇರುತ್ತದೆ. ಮೇಲಿನ ದಾರವನ್ನು ಹೊತ್ತು ಸೂಜಿ ಬಟ್ಟೆಯೊಳಗೆ ಇಳಿದಾಗ, ಕೆಳಗೆ ಬಾಬಿನ್‌ನಲ್ಲಿರುವ ಇನ್ನೊಂದು ದಾರ ಅದರ ಕುಣಿಕೆಯೊಳಗೆ ಹಾದು, ಎರಡೂ ಬಟ್ಟೆಯ ನಡುವೆ ಹೆಣೆದುಕೊಳ್ಳುತ್ತವೆ. ಅಮೆರಿಕದ ಎಲಿಯಾಸ್ ಹೋವ್ 1846ರಲ್ಲಿ ಪೇಟೆಂಟ್ ಪಡೆದದ್ದು ಈ ಬಗೆಯ ಹೊಲಿಗೆಗೆ. 1851ರಲ್ಲಿ ಐಸಾಕ್ ಸಿಂಗರ್ ತನ್ನ ಯಂತ್ರಕ್ಕೆ ಪೇಟೆಂಟ್ ಪಡೆದ. ಇವರಿಬ್ಬರ ಹೆಸರಿನ ಅಬ್ಬರದಲ್ಲಿ ಮರೆತುಹೋದ ಮೂರನೆಯವನು ಆಲೆನ್ ವಿಲ್ಸನ್. ಸೂಜಿಯ ಕೆಳಗೆ ಎದ್ದು, ಮುಂದೆ ಸರಿದು, ಇಳಿದು, ಮತ್ತೆ ಹಿಂದೆ ಬರುವ ಗರಗಸದಂಥ ಹಲ್ಲುಪಟ್ಟಿಗೆ 1854ರಲ್ಲಿ ಪೇಟೆಂಟ್ ಪಡೆದವನು ಅವನು. ಪ್ರತಿ ಹೊಲಿಗೆಗೂ ಬಟ್ಟೆಯನ್ನು ಒಂದೇ ಅಳತೆಯಷ್ಟು ಮುಂದೆ ಎಳೆಯುವುದು ಈ ಹಲ್ಲುಗಳೇ. ಬಟ್ಟೆ ಅಲುಗದಂತೆ ಮೇಲಿನಿಂದ ಒತ್ತಿ ಹಿಡಿಯುವುದು ಪ್ರೆಸರ್ ಫುಟ್. ಟೈಲರಿನ ಕೈ ಅಲ್ಲಿ ಬಟ್ಟೆಗೆ ದಾರಿ ತೋರುತ್ತದೆ, ಅಷ್ಟೆ, ನಡೆಸುವುದು ಹಲ್ಲು.

ಮುಕ್ತ ಕಸೂತಿಗೆ ಕೂರುವವರು ಮೊದಲು ಮಾಡುವ ಕೆಲಸ ಈ ಹಲ್ಲುಗಳನ್ನು ನಿಷ್ಕ್ರಿಯಗೊಳಿಸುವುದು. ಹಲವು ಯಂತ್ರಗಳಲ್ಲಿ ಒಂದು ತಿರುಪು ತಿರುಗಿಸಿದರೆ ಅಥವಾ ಗುಂಡಿ ಒತ್ತಿದರೆ ಹಲ್ಲುಪಟ್ಟಿ ಕೆಳಗಿಳಿಯುತ್ತದೆ. ಆ ಸೌಕರ್ಯ ಇಲ್ಲದ ಯಂತ್ರಗಳಲ್ಲಿ ಅದರ ಮೇಲೆ ಒಂದು ತಗಡಿನ ಬಿಲ್ಲೆ ಮುಚ್ಚುತ್ತಾರೆ. ನಂತರ ಪ್ರೆಸರ್ ಫುಟ್ ಬಿಚ್ಚಿ ಪಕ್ಕಕ್ಕಿಡುತ್ತಾರೆ. ಈಗ ಬಟ್ಟೆಯನ್ನು ಎಳೆಯುವವರೂ ಇಲ್ಲ, ಒತ್ತುವವರೂ ಇಲ್ಲ. ಬಿಟ್ಟ ಕಡೆ ಬಟ್ಟೆ ನಿಲ್ಲುತ್ತದೆ, ಸೂಜಿ ಅದೇ ತೂತಿನಲ್ಲಿ ಕುಟ್ಟುತ್ತಲೇ ಇರುತ್ತದೆ.

ಇಲ್ಲಿ ಕಲಿಯುವವರನ್ನು ಕಾಡುವ ಒಂದು ಸಣ್ಣ ರಹಸ್ಯ ಇದೆ. ಫುಟ್ ಇಲ್ಲವಲ್ಲ ಎಂದು ಅದನ್ನು ಏರಿಸಿ ಇಳಿಸುವ ಹಿಂಬದಿಯ ಹಿಡಿಕೆಯನ್ನು ಹಾಗೆಯೇ ಬಿಟ್ಟರೆ ಕೆಲಸ ಕೆಟ್ಟಿತು. ಮೇಲಿನ ದಾರಕ್ಕೆ ಬಿಗಿ ಬರುವುದು ಆ ಹಿಡಿಕೆ ಇಳಿದಾಗಲೇ. ಇಳಿಸದಿದ್ದರೆ ಬಟ್ಟೆಯ ಅಡಿಯಲ್ಲಿ ದಾರ ಗುಬ್ಬಿಗೂಡಿನಂತೆ ಸುತ್ತಿಕೊಂಡು ಯಂತ್ರವೇ ಜಾಮ್ ಆಗುತ್ತದೆ.

ಬಟ್ಟೆಯನ್ನು ಬಿಗಿಯಲು ಮರದ ರಿಂಗ್ ಬಳಸುತ್ತಾರೆ. ಕೈಕಸೂತಿಯಲ್ಲೂ ರಿಂಗ್ ಉಂಟು. ಆದರೆ ಅಲ್ಲಿ ಬಟ್ಟೆ ತಮಟೆಯ ಚರ್ಮದಂತೆ ರಿಂಗಿನ ಮೇಲ್ಭಾಗದಲ್ಲಿ ನಿಲ್ಲುತ್ತದೆ. ಇಲ್ಲಿ ಬಟ್ಟೆ ಯಂತ್ರದ ಹಾಸಿಗೆ ತಾಗಿಯೇ ಇರಬೇಕಾದ್ದರಿಂದ ರಿಂಗನ್ನು ತಿರುವು ಮುರುವು ಮಾಡಿ ಹಾಕುತ್ತಾರೆ: ಹೊರಗಿನ ಬಳೆ ಕೆಳಗೆ, ಅದರ ಮೇಲೆ ಬಟ್ಟೆ, ಒಳಗಿನ ಬಳೆಯನ್ನು ಮೇಲಿನಿಂದ ಒತ್ತುವುದು. ಬಟ್ಟೆ ಜಾರದಿರಲಿ ಎಂದು ಒಳಬಳೆಗೆ ತೆಳು ಬಟ್ಟೆಯ ಪಟ್ಟಿ ಸುತ್ತಿರುತ್ತಾರೆ. ಆಮೇಲೆ ಎರಡೂ ಕೈಗಳಿಂದ ರಿಂಗ್ ಹಿಡಿದು, ಕಾಲಿನಲ್ಲಿ ಪೆಡಲ್ ಒತ್ತಿ, ಬಟ್ಟೆಯನ್ನು ಸೂಜಿಯ ಕೆಳಗೆ ಆಡಿಸುವುದು. ಹಿಂದೆ, ಮುಂದೆ, ಎಡಕ್ಕೆ, ಬಲಕ್ಕೆ, ಸುತ್ತ, ಎತ್ತ ಬೇಕಾದರೂ ಸರಿ.

ರಂಗೋಲಿ ಹಾಕುವುದನ್ನು ನೆನೆಸಿಕೊಳ್ಳಿ. ಅಲ್ಲಿ ಅಂಗಳ ನಿಂತಿರುತ್ತದೆ, ಕೈ ಓಡಾಡುತ್ತದೆ. ಈಗ ಅದನ್ನು ತಲೆಕೆಳಗು ಮಾಡಿ. ಪುಡಿ ಬಿಡುವ ಬೆರಳುಗಳು ಒಂದೇ ಕಡೆ ನಿಂತಿವೆ, ಅಂಗಳವೇ ಅವುಗಳ ಕೆಳಗೆ ಜಾರಿ ತಿರುಗಿ ನವಿಲಿನ ಕತ್ತನ್ನು ಮೂಡಿಸಬೇಕು. ಬಲಕ್ಕೆ ಗೆರೆ ಬೇಕಾದರೆ ಬಟ್ಟೆಯನ್ನು ಎಡಕ್ಕೆ ಸರಿಸಬೇಕು. ಕೈ ಬರಹ ಚೆನ್ನಾಗಿರುವವರೂ ಮೊದಲ ವಾರ ಇಲ್ಲಿ ತಮ್ಮ ಹೆಸರು ಬರೆಯಲು ತಿಣುಕುತ್ತಾರೆ.

ಇದರ ಮೇಲೆ ಕಾಲಿನ ಲೆಕ್ಕ ಬೇರೆ. ಯಂತ್ರ ನಿಮಿಷಕ್ಕೆ 600 ಹೊಲಿಗೆ ಹಾಕುತ್ತಿದೆ ಎಂದುಕೊಂಡರೆ ಸೆಕೆಂಡಿಗೆ 10 ಆಯಿತು. ಆ ಒಂದು ಸೆಕೆಂಡಿನಲ್ಲಿ ಕೈ ಬಟ್ಟೆಯನ್ನು 2 ಸೆಂಟಿಮೀಟರ್ ಸರಿಸಿದರೆ ಪ್ರತಿ ಹೊಲಿಗೆಯೂ 2 ಮಿಲಿಮೀಟರ್. ಕೈ ಅದೇ ವೇಗದಲ್ಲಿದ್ದು ಕಾಲು ಸಡಿಲವಾದರೆ ಹೊಲಿಗೆ ಉದ್ದವಾಗಿ ಎಳೆ ಜೋಲುತ್ತದೆ. ಕಾಲು ಜೋರಾಗಿ ಕೈ ನಿಧಾನವಾದರೆ ಹೊಲಿಗೆಗಳು ಒಂದರ ಮೇಲೊಂದು ಬಿದ್ದು ಗಂಟಾಗುತ್ತವೆ. ಕೈ ಗಕ್ಕನೆ ಎಳೆದರೆ ಸೂಜಿ ಮುರಿಯುತ್ತದೆ. ಕೈ ಮತ್ತು ಕಾಲು ಒಂದೇ ತಾಳಕ್ಕೆ ಬರುವವರೆಗೆ ಹೂವು ಹೂವಾಗುವುದಿಲ್ಲ. ಬೆರಳನ್ನು ಸೂಜಿಯಿಂದ ದೂರ ಇಡುವ ಫುಟ್ ಬಿಚ್ಚಿಟ್ಟಿರುವುದರಿಂದ, ಗಮನ ತಪ್ಪಿದರೆ ಸೂಜಿ ಬೆರಳಿಗೇ ಇಳಿಯುವ ಅಪಾಯವೂ ಉಂಟು.

ತಾಳ ಸಿಕ್ಕಿತೆಂದರೆ ಮಾತ್ರ ಈ ಯಂತ್ರ ಬಿಡಿಸದ ಚಿತ್ರವಿಲ್ಲ. ಸರಳ ಗೆರೆಯಲ್ಲಿ ಎಲೆಯ ನರ, ಒತ್ತೊತ್ತಾದ ಗೆರೆಗಳಲ್ಲಿ ಎಸಳಿನ ತುಂಬು, ಬಣ್ಣದಿಂದ ಬಣ್ಣಕ್ಕೆ ಜಾರುವ ನೆರಳು ಎಲ್ಲವೂ ಸಾಧ್ಯ. ಸೂಜಿ ಅಡ್ಡಕ್ಕೂ ಆಡುವ ಜಿಗ್‌ಜಾಗ್ ಯಂತ್ರವಾದರೆ ಮೊಣಕಾಲಿನಿಂದ ಒಂದು ಪಟ್ಟಿಯನ್ನು ಒತ್ತುತ್ತ ಹೊಲಿಗೆಯ ಅಗಲವನ್ನು ಬೇಕಾದಂತೆ ಹಿಗ್ಗಿಸಿ ಕುಗ್ಗಿಸಬಹುದು. ಬಳ್ಳಿಯ ಎಲೆ ತೊಟ್ಟಿನಲ್ಲಿ ಸಣ್ಣಗೆ ಹುಟ್ಟಿ, ನಡುವೆ ಅಗಲವಾಗಿ, ತುದಿಯಲ್ಲಿ ಮೊನಚಾಗುವುದು ಮೊಣಕಾಲಿನ ಕರಾಮತ್ತು. ಮೇಲಿನ ದಾರವನ್ನು ಬೇಕೆಂದೇ ಹೆಚ್ಚು ಬಿಗಿ ಮಾಡಿದರೆ ಕೆಳಗಿನ ಬಣ್ಣದ ದಾರ ಮೇಲಕ್ಕೆ ಬಂದು ಮಣಿ ಪೋಣಿಸಿದಂಥ ಗೆರೆಯಾಗುತ್ತದೆ. ಹೊಲಿಗೆಯ ಲೆಕ್ಕದಲ್ಲಿ ಅದು ದೋಷ, ಕಸೂತಿಯ ಲೆಕ್ಕದಲ್ಲಿ ಅಲಂಕಾರ. ಸೂಜಿಯ ಕಣ್ಣಿಗೆ ಹೋಗದ ದಪ್ಪ ಜರಿಯನ್ನು ಬಾಬಿನ್‌ಗೆ ಸುತ್ತಿ, ಬಟ್ಟೆಯನ್ನು ಮಗುಚಿ ಹಿಂಬದಿಯಿಂದ ಹೊಲಿಯುವುದೂ ಉಂಟು. ಆಗ ಹೊಲಿಯುವವರಿಗೆ ಕಾಣುವುದು ಬೆನ್ನು ಮಾತ್ರ, ಮುಖ ಹೇಗೆ ಬಂದಿದೆ ಎಂದು ತಿಳಿಯುವುದು ತಿರುಗಿಸಿದ ಮೇಲೆಯೇ. ನೀರಿನಲ್ಲಿ ಕರಗುವ ಬಟ್ಟೆಯ ಮೇಲೆ ಜಾಲರಿಯಂತೆ ಹೊಲಿದು ನೀರಿಗೆ ಅದ್ದಿದರೆ ಬಟ್ಟೆ ಮಾಯವಾಗಿ ಬರಿಯ ದಾರದ ಲೇಸ್ ಕೈಯಲ್ಲಿ ಉಳಿಯುತ್ತದೆ.

ಮಾರಾಟದ ತಂತ್ರ ಕಲೆಯಾದದ್ದು

ಯಂತ್ರದಿಂದ ಕಸೂತಿ ಮಾಡುವ ಆಲೋಚನೆ ಹೊಲಿಗೆ ಯಂತ್ರಕ್ಕಿಂತಲೂ ಹಳೆಯದು. ಫ್ರಾನ್ಸಿನ ಮುಲ್ಹೌಸ್‌ನ ಜೋಸುಯೆ ಹೈಲ್‌ಮನ್ 1828ರಲ್ಲೇ ಹಲವಾರು ಸೂಜಿಗಳನ್ನು ಏಕಕಾಲಕ್ಕೆ ಓಡಿಸುವ ಕಸೂತಿ ಯಂತ್ರ ರೂಪಿಸಿದ್ದ. 1863ರಲ್ಲಿ ಸ್ವಿಟ್ಜರ್ಲೆಂಡಿನ ಐಸಾಕ್ ಗ್ರೋಬ್ಲಿ ದೋಣಿಯಾಕಾರದ ಲಾಳಿ ಬಳಸುವ ಯಂತ್ರ ತಂದ. 'ಪುಟ್ಟ ದೋಣಿ' ಎಂಬರ್ಥದ ಶಿಫ್ಲಿ ಎಂಬ ಹೆಸರು ಅದಕ್ಕೆ ಬಂದದ್ದು ಹೀಗೆ. ಇವೆರಡೂ ಕಾರ್ಖಾನೆಯ ದೈತ್ಯರು. 1865ರಲ್ಲಿ ಪೇಟೆಂಟ್ ಆದ ಫ್ರಾನ್ಸಿನ ಬೊನ್ನಾಜ್ ಯಂತ್ರ ಮಾತ್ರ ಬೇರೆ ಜಾತಿಯದು. ನಮ್ಮ ಆರಿ ಸೂಜಿಯಂತೆಯೇ ಕೊಕ್ಕೆಯಿಂದ ಸರಪಳಿ ಹೊಲಿಗೆ ಹಾಕುವ ಈ ಯಂತ್ರವನ್ನು ಮೇಜಿನ ಕೆಳಗಿನ ಹಿಡಿಕೆ ತಿರುಗಿಸುತ್ತ ಬೇಕಾದ ದಿಕ್ಕಿಗೆ ನಡೆಸಬಹುದಿತ್ತು. ಮುಂದೆ ಅದು ಕಾರ್ನೆಲಿ ಎಂಬ ಹೆಸರಿನಿಂದ ಜಗತ್ತೆಲ್ಲ ಹರಡಿತು.

ಮನೆಯ ಸಾಧಾರಣ ಯಂತ್ರದಲ್ಲಿ ಕಸೂತಿ ಮಾಡಿ ತೋರಿಸಿದ್ದು ಸಿಂಗರ್ ಕಂಪನಿಯ ವ್ಯಾಪಾರ ಬುದ್ಧಿ. ಬೇರೆ ಯಾವ ಉಪಕರಣವನ್ನೂ ಕೊಳ್ಳಬೇಕಿಲ್ಲ, ಇದೇ ಯಂತ್ರದಲ್ಲಿ ಹೂವು ಹಕ್ಕಿ ಭಾವಚಿತ್ರ ಎಲ್ಲ ಬರುತ್ತದೆ ಎಂದು ತೋರಿಸಲು ಕಂಪನಿ ನುರಿತ ಕಸೂತಿಗಾರ್ತಿಯರನ್ನು ನೇಮಿಸಿಕೊಂಡು ಪ್ರದರ್ಶನ ಏರ್ಪಡಿಸುತ್ತಿತ್ತು, ಕಲಿಸುವ ಪುಸ್ತಕಗಳನ್ನೂ ಅಚ್ಚು ಹಾಕಿಸಿತು. ಹಾಗೆ ಸಿಂಗರ್‌ನ ಲಂಡನ್ ಕಸೂತಿ ವಿಭಾಗದಲ್ಲಿ ದುಡಿದವರು ಡೊರೊತಿ ಬೆನ್ಸನ್. 1930ರ ದಶಕದಲ್ಲಿ ಅವರಿಂದ ಯಂತ್ರದ ಪಾಠ ಹೇಳಿಸಿಕೊಂಡವರಲ್ಲಿ ರೆಬೆಕಾ ಕ್ರಾಂಪ್ಟನ್ ಎಂಬ ಕಲಾ ಶಿಕ್ಷಕಿ ಒಬ್ಬರು. ಕಸೂತಿಯೆಂದರೆ ಅಚ್ಚುಕಟ್ಟು ನಕಲು ಎಂಬ ಅಂದಿನ ನಂಬಿಕೆಯನ್ನು ಕ್ರಾಂಪ್ಟನ್ ಒಪ್ಪಲಿಲ್ಲ. ಬಟ್ಟೆಯ ತುಂಡುಗಳ ಅಂಚು ಮಡಿಸದೆ ಹಾಗೆಯೇ ಬಿಟ್ಟು, ಮೇಲೆ ಯಂತ್ರದ ಗೆರೆಗಳನ್ನು ಪೆನ್ಸಿಲಿನಂತೆ ಹರಿಯಬಿಟ್ಟರು. 1936ರಲ್ಲಿ ಅವರ ಪುಸ್ತಕ ಬಂತು. ಅವರ ಕೃತಿಗಳು ಇಂದು ಲಂಡನ್ನಿನ ವಿಕ್ಟೋರಿಯಾ ಅಂಡ್ ಆಲ್ಬರ್ಟ್ ಮ್ಯೂಸಿಯಂನಲ್ಲಿವೆ. ಬೆನ್ಸನ್ ಅವರು ಯಂತ್ರ ಕಸೂತಿಯ ಕಲಾ ಸಾಧ್ಯತೆಗಳ ಬಗ್ಗೆ ಬರೆದ ಪುಸ್ತಕ ಪ್ರಕಟವಾದದ್ದು 1946ರಲ್ಲಿ. ಕಂಪನಿಯ ಪ್ರಚಾರಕ್ಕೆ ಹುಟ್ಟಿದ ಚಾತುರ್ಯ ಹೀಗೆ ಶಿಕ್ಷಕಿಯರ ಕೈಗೆ ಸಿಕ್ಕಿ ಕಲೆಯ ಪಠ್ಯಕ್ಕೆ ಸೇರಿತು.

ಅಲ್ಲಿ ಈ ವಿದ್ಯೆ ಉಳಿದದ್ದಕ್ಕೆ ಇನ್ನೊಂದು ಕಾರಣವನ್ನೂ ಹೇಳಬೇಕು. 1934ರಲ್ಲಿ ಸ್ಕಾಟ್‌ಲೆಂಡಿನ ನಾಲ್ಕು ಕಲಾಶಾಲೆಗಳು ದಾರ ತಯಾರಿಸುವ ಜೆ. ಅಂಡ್ ಪಿ. ಕೋಟ್ಸ್ ಕಂಪನಿಯ ಹಣದ ನೆರವಿನಿಂದ ಒಂದು ಯೋಜನೆ ಆರಂಭಿಸಿದವು. ಒಳ್ಳೆಯ ಕಸೂತಿಯ ಮಾದರಿಗಳನ್ನು ದೇಶವಿದೇಶಗಳಿಂದ ಸಂಗ್ರಹಿಸಿ ಶಾಲೆಗಳಿಗೆ ಎರವಲು ಕಳಿಸುವುದು ಅದರ ಕೆಲಸ. 1960ರ ದಶಕದ ಆರಂಭದಲ್ಲಿ ಯೋಜನೆ ಮುಚ್ಚಿದಾಗ ಸಂಗ್ರಹ ವಸ್ತುಸಂಗ್ರಹಾಲಯಗಳಿಗೂ ಶಿಕ್ಷಣ ಸಂಸ್ಥೆಗಳಿಗೂ ಹಂಚಿಕೆಯಾಯಿತು. ಅಂದಿನ ಕೈಗಳು ಏನು ಮಾಡುತ್ತಿದ್ದವು ಎಂದು ಇಂದಿನ ವಿದ್ಯಾರ್ಥಿ ಮುಟ್ಟುವಷ್ಟು ಹತ್ತಿರದಿಂದ ನೋಡಲು ಸಾಧ್ಯವಾಗಿರುವುದು ಇಂಥ ಜೋಪಾಸನೆಯಿಂದ.

ಇಂದು ಈ ಕ್ಷೇತ್ರದಲ್ಲಿ ಮೊದಲಿಗೆ ಕೇಳಿಬರುವ ಹೆಸರುಗಳಲ್ಲಿ ಬ್ರಿಟನ್ನಿನ ಆಲಿಸ್ ಕೆಟಲ್ ಅವರದು ಒಂದು. 1961ರಲ್ಲಿ ಹುಟ್ಟಿದ ಈಕೆ ಗೋಡೆಯಷ್ಟು ದೊಡ್ಡ ಬಟ್ಟೆಗಳ ಮೇಲೆ ಮನುಷ್ಯಾಕೃತಿಗಳನ್ನು ಯಂತ್ರದಿಂದಲೇ ಹೊಲಿಯುತ್ತಾರೆ. ದಪ್ಪ ದಾರವನ್ನು ಬಾಬಿನ್‌ನಲ್ಲಿಟ್ಟು ಹಿಂಬದಿಯಿಂದ ಹೊಲಿಯುವ ವಿಧಾನ ಅವರಿಗೆ ಪ್ರಿಯ. 2018ರಲ್ಲಿ ಮ್ಯಾಂಚೆಸ್ಟರಿನ ವಿಟ್‌ವರ್ತ್ ಗ್ಯಾಲರಿಯಲ್ಲಿ ನಡೆದ ಪ್ರದರ್ಶನಕ್ಕಾಗಿ ಅವರು ನಿರಾಶ್ರಿತರು ಬಿಡಿಸಿಕೊಟ್ಟ ಚಿತ್ರಗಳನ್ನು ದಾರಕ್ಕೆ ಇಳಿಸಿದ್ದರು. ಜಪಾನಿನ ಕಿರಿಯು ಪಟ್ಟಣದಲ್ಲಿ ಮೊಣಕಾಲಿನಿಂದ ಅಗಲ ನಿಯಂತ್ರಿಸುವ ಇದೇ ಬಗೆಯ ಕಸೂತಿಗೆ 'ಯೊಕೊಬುರಿ' ಎಂಬ ಸ್ವಂತ ಹೆಸರಿದೆ. ಎರಡನೆಯ ಮಹಾಯುದ್ಧದ ನಂತರ ಅಮೆರಿಕದ ಸೈನಿಕರು ನೆನಪಿಗೆಂದು ಕೊಂಡೊಯ್ದ, ಬೆನ್ನ ಮೇಲೆ ಹುಲಿ ಡ್ರ್ಯಾಗನ್‌ಗಳಿದ್ದ ಜಾಕೆಟ್‌ಗಳಿಂದ ಅದು ಪ್ರಸಿದ್ಧಿ ಪಡೆಯಿತು. ನಮ್ಮ ದೇಶದಲ್ಲೇ ಪಂಜಾಬಿನ ಪಟಿಯಾಲದ ಅರುಣ್ ಬಜಾಜ್ ಹೊಲಿಗೆ ಯಂತ್ರದಿಂದ ಭಾವಚಿತ್ರ ರಚಿಸಿ ಹೆಸರಾಗಿದ್ದಾರೆ. ದಾರದಲ್ಲಿ ಚರ್ಮದ ಬಣ್ಣದ ಏರಿಳಿತ ತರುವುದು ಎಷ್ಟು ಕಷ್ಟ ಎಂಬುದು ಒಮ್ಮೆ ಪ್ರಯತ್ನಿಸಿದವರಿಗೇ ಗೊತ್ತು.

ದಿಂಬಿನ ಕವರಿನಿಂದ ಬ್ಲೌಸಿನ ತೋಳಿಗೆ

ಕರ್ನಾಟಕದಲ್ಲಿ ಕಸೂತಿ ಎಂದೊಡನೆ ನೆನಪಾಗುವುದು ಧಾರವಾಡ ಸೀಮೆ. ಇಳಕಲ್ ಸೀರೆಯ ಮೇಲೆ ಗೋಪುರ, ತೇರು, ಆನೆ ಅಂಬಾರಿ, ತುಳಸಿಕಟ್ಟೆಗಳನ್ನು ಎಳೆ ಎಣಿಸಿ ಮೂಡಿಸುವ ಗವಂತಿ, ಮುರಗಿ, ನೇಯ್ಗಿ, ಮೆಂತಿ ಎಂಬ ನಾಲ್ಕು ಹೊಲಿಗೆಗಳ ಕಲೆ ಅದು. ಗವಂತಿಯಲ್ಲಿ ಒಂದೇ ದಾರ ಹೋದ ದಾರಿಯಲ್ಲೇ ಹಿಂದಿರುಗಿ ಬಿಟ್ಟ ಜಾಗಗಳನ್ನು ತುಂಬುತ್ತದೆ. ಗಂಟು ಹಾಕುವಂತಿಲ್ಲ, ಮುಂದೂ ಹಿಂದೂ ಒಂದೇ ರೀತಿ ಕಾಣಬೇಕು. ಎರಡು ದಾರಗಳಿಲ್ಲದೆ ಒಂದು ಹೊಲಿಗೆಯನ್ನೂ ಹಾಕಲಾರದ ಯಂತ್ರಕ್ಕೆ ಇದು ಸ್ವಭಾವತಃ ಅಸಾಧ್ಯ. ಧಾರವಾಡದ ಕಸೂತಿಯನ್ನು ಯಂತ್ರದಲ್ಲಿ ಮಾಡಿದ್ದೇವೆ ಎನ್ನುವವರು ಅದರ ಚಿತ್ರವನ್ನು ಮಾತ್ರ ತಂದಿರುತ್ತಾರೆ, ಹೊಲಿಗೆಯನ್ನಲ್ಲ. ಕಸೂತಿಗೂ ಸಂಡೂರಿನ ಲಂಬಾಣಿ ಕಸೂತಿಗೂ ಭೌಗೋಳಿಕ ಗುರುತಿನ ಮಾನ್ಯತೆ ದೊರೆತಿದೆ. 2023ರ ಜುಲೈನಲ್ಲಿ ಹಂಪಿಯಲ್ಲಿ ನಡೆದ ಜಿ-20 ಸಂಸ್ಕೃತಿ ಸಭೆಯ ಸಂದರ್ಭದಲ್ಲಿ 1,755 ಲಂಬಾಣಿ ಕಸೂತಿ ವಸ್ತುಗಳ ಪ್ರದರ್ಶನ ಗಿನ್ನೆಸ್ ದಾಖಲೆಗೂ ಸೇರಿತು.

ಹೊಲಿಗೆ ಯಂತ್ರದ ಕಸೂತಿಗೆ ಇಂಥ ಊರಿಲ್ಲ, ಕುಲವಿಲ್ಲ. 1930ರ ದಶಕದಲ್ಲಿ ಕಲ್ಕತ್ತೆಯ ಜಯ್ ಎಂಜಿನಿಯರಿಂಗ್ ವರ್ಕ್ಸ್ 'ಉಷಾ' ಯಂತ್ರಗಳ ತಯಾರಿಕೆಗೆ ಕೈ ಹಾಕಿದ ಮೇಲೆ ಸ್ವದೇಶಿ ಯಂತ್ರ ಮಧ್ಯಮ ವರ್ಗದ ಮನೆಗಳಿಗೆ ಬರತೊಡಗಿತು. ಯಂತ್ರಗಳ ವಿಷಯದಲ್ಲಿ ಕಟುವಾಗಿದ್ದ ಗಾಂಧೀಜಿ ಕೂಡ 1924ರ ಒಂದು ಸಂವಾದದಲ್ಲಿ ಸಿಂಗರ್ ಹೊಲಿಗೆ ಯಂತ್ರಕ್ಕೆ ವಿನಾಯಿತಿ ಕೊಟ್ಟಿದ್ದರು. ಹೆಂಡತಿಯ ಬವಣೆ ನೋಡಲಾರದೆ ಸಿಂಗರ್ ಅದನ್ನು ಮಾಡಿದ ಎಂಬ ಕಥೆ ಅವರಿಗೆ ಹಿಡಿಸಿತ್ತು. (ನಿಜ ಜೀವನದ ಸಿಂಗರ್ ಅಷ್ಟೇನೂ ಆದರ್ಶ ಪತಿಯಾಗಿರಲಿಲ್ಲ ಎಂಬುದು ಬೇರೆ ಮಾತು.)

ಹಳೆಯ ತಲೆಮಾರಿನ ಮನೆಗಳಲ್ಲಿ ಈ ಕಸೂತಿಯ ಗುರುತುಗಳು ಇನ್ನೂ ಸಿಗುತ್ತವೆ. ಜೋಡಿ ಗಿಳಿಗಳಿರುವ ದಿಂಬಿನ ಕವರು, ಅದರ ಮೇಲೆ ಇಂಗ್ಲಿಷಿನಲ್ಲಿ 'ಗುಡ್ ನೈಟ್'. ರೇಡಿಯೊಗೆ ಹೊದಿಸಿದ, ಆಮೇಲೆ ಟಿ.ವಿ.ಗೆ ದೊಡ್ಡದಾಗಿಸಿ ಹೊಲಿದ ಹೊದಿಕೆ. ಗಾಜಿನ ಚೌಕಟ್ಟಿನೊಳಗೆ ಬಾಗಿಲ ಮೇಲೆ ತೂಗಿದ 'ಸುಸ್ವಾಗತ'. ಹೊಲಿಗೆ ತರಗತಿಗೆ ಹೋಗುವ ಹುಡುಗಿಗೆ ಕೈಕಸೂತಿಯ ಜತೆಗೇ ಇದನ್ನೂ ಕಲಿಸುತ್ತಿದ್ದರು. ಮದುವೆಯಾದ ಮೇಲೆ ಅದೇ ವಿದ್ಯೆ ನಾಲ್ಕು ಕಾಸು ತಂದುಕೊಟ್ಟ ಉದಾಹರಣೆಗಳಿಗೂ ಕೊರತೆಯಿಲ್ಲ. ದಿಂಬಿನ ಕವರು ಹಳೆಯ ಫ್ಯಾಷನ್ ಆದಂತೆ ಕಸೂತಿ ಸೀರೆಯ ಅಂಚಿಗೆ, ಚೂಡಿದಾರದ ಕುತ್ತಿಗೆಗೆ, ಈಗ ಮುಖ್ಯವಾಗಿ ಬ್ಲೌಸಿನ ಬೆನ್ನಿಗೂ ತೋಳಿಗೂ ಸರಿಯಿತು. ಬಟ್ಟೆ ಬದಲಾಯಿತು, ಕೂರುವ ಭಂಗಿ ಬದಲಾಗಲಿಲ್ಲ: ಬಗ್ಗಿದ ಬೆನ್ನು, ಸೂಜಿಯ ಮೇಲೆ ನೆಟ್ಟ ಕಣ್ಣು, ಕಂಪನಕ್ಕೆ ಜೋಮು ಹಿಡಿಯುವ ಕೈ.

ಯಾವ ಪಟ್ಟಿಗೆ ಸೇರಿಸುವುದು?

ಹೆಸರಿನಲ್ಲೇನಿದೆ ಎನ್ನಬಹುದು. ಕರಕುಶಲ ಕಲೆ ಎಂದು ಕರೆಸಿಕೊಳ್ಳುವುದಕ್ಕೂ ಬಿಡುವುದಕ್ಕೂ ನಡುವೆ ತೆರಿಗೆ, ಮೇಳ, ಸಾಲ, ಪ್ರಶಸ್ತಿ ಎಲ್ಲವೂ ಅಡಗಿವೆ. 1995ರಲ್ಲಿ ಸುಪ್ರೀಂ ಕೋರ್ಟ್ ಮರದ ಪೀಠೋಪಕರಣಗಳಿಗೆ ಸಂಬಂಧಿಸಿದ ಲೂಯಿಸ್ ಶಾಪ್ ಪ್ರಕರಣದಲ್ಲಿ ಕರಕುಶಲ ವಸ್ತು ಯಾವುದೆಂಬುದಕ್ಕೆ ಅಳತೆಗೋಲು ಕೊಟ್ಟಿತು. ವಸ್ತು ಪ್ರಧಾನವಾಗಿ ಕೈಯಿಂದಾದದ್ದಿರಬೇಕು, ನಡುವೆ ಒಂದಿಷ್ಟು ಯಂತ್ರ ಬಳಸಿದ್ದರೂ ಅಡ್ಡಿಯಿಲ್ಲ. ಅಲಂಕಾರದ ಕೆಲಸ ನೆಪಮಾತ್ರಕ್ಕಿರದೆ ಗಣನೀಯವಾಗಿರಬೇಕು ಎಂಬುದು ಅದರ ಸಾರ. 2018ರಲ್ಲಿ ಜಿ.ಎಸ್.ಟಿ. ಉದ್ದೇಶಕ್ಕೆ ಕೇಂದ್ರ ಸರ್ಕಾರ ಕೊಟ್ಟ ವ್ಯಾಖ್ಯೆಯೂ ಇದೇ ಜಾಡಿನದು. ಅದರಲ್ಲಿ, ಯಂತ್ರದಿಂದ ತಯಾರಾದ ಅದೇ ಬಳಕೆಯ ವಸ್ತುಗಳಿಗಿಂತ ಇದು ಸ್ಪಷ್ಟವಾಗಿ ಭಿನ್ನವಾಗಿರಬೇಕು ಎಂಬ ಮಾತೂ ಸೇರಿದೆ.

ಈ ಅಳತೆಗೋಲನ್ನು ಮುಕ್ತ ಯಂತ್ರ ಕಸೂತಿಗೆ ಹಿಡಿದು ನೋಡಿದರೆ ಎರಡು ಬಗೆಯ ಉತ್ತರಗಳೂ ಬರುತ್ತವೆ. ಪ್ರತಿ ಹೊಲಿಗೆಯನ್ನೂ ಹಾಕಿದ್ದು ಯಂತ್ರ ಎನ್ನುವವರು ಹೊಲಿಗೆಯ ಲೆಕ್ಕ ಹಿಡಿಯುತ್ತಾರೆ. ಪ್ರತಿ ಗೆರೆಯನ್ನೂ ಎಳೆದದ್ದು ಕೈ ಎನ್ನುವವರು ಚಿತ್ರದ ಲೆಕ್ಕ ಹಿಡಿಯುತ್ತಾರೆ. ಕುಂಬಾರನ ಚಕ್ರಕ್ಕೆ ವಿದ್ಯುತ್ ಮೋಟಾರು ಬಂದ ಮೇಲೂ ಮಡಕೆಯನ್ನು ಕೈಯದೆಂದೇ ಒಪ್ಪುತ್ತೇವೆ, ಏಕೆಂದರೆ ಆಕಾರ ಕೊಟ್ಟದ್ದು ಬೆರಳು. ಆ ನ್ಯಾಯ ಇಲ್ಲಿಗೂ ಸಲ್ಲಬೇಕಿತ್ತು. ಹೊಲಿಗೆ ಯಂತ್ರ ಎಂಬ ಹೆಸರಿನಲ್ಲೇ ಯಂತ್ರ ಇರುವುದು ಇದರ ದುರದೃಷ್ಟ.

2023ರ ಸೆಪ್ಟೆಂಬರ್ 17ರಂದು ಆರಂಭವಾದ ಪಿ.ಎಂ. ವಿಶ್ವಕರ್ಮ ಯೋಜನೆ ಇನ್ನೊಂದು ನಿದರ್ಶನ. ಕೈ ಮತ್ತು ಉಪಕರಣಗಳಿಂದ ದುಡಿಯುವ 18 ವೃತ್ತಿಗಳವರಿಗೆ ತರಬೇತಿ, ಉಪಕರಣಕ್ಕೆಂದು 15,000 ರೂಪಾಯಿ, ಕಡಿಮೆ ಬಡ್ಡಿಯ ಸಾಲ ಇದರಲ್ಲಿವೆ. ಬಡಗಿ, ಕಮ್ಮಾರ, ಕುಂಬಾರ, ಹೂಮಾಲೆ ಕಟ್ಟುವವರ ಜತೆಗೆ ದರ್ಜಿಯೂ ಪಟ್ಟಿಯಲ್ಲಿದ್ದಾರೆ. ಕಸೂತಿ ಎಂಬ ಪ್ರತ್ಯೇಕ ವೃತ್ತಿ ಇಲ್ಲ. ಹೊಲಿಗೆ ಯಂತ್ರ ಇಟ್ಟುಕೊಂಡು ಬರಿಯ ಕಸೂತಿ ಮಾಡುವವರು ದರ್ಜಿ ಎಂದು ಬರೆಸಿಕೊಳ್ಳಬೇಕಷ್ಟೆ. ಹಾಗೆಂದು ಕಲಿಯುವ ದಾರಿಯೇ ಇಲ್ಲವೆಂದಲ್ಲ. ಐ.ಟಿ.ಐ.ಗಳ ವೃತ್ತಿಪಟ್ಟಿಯಲ್ಲಿ ಕಸೂತಿಗೆಂದೇ ಒಂದು ವರ್ಷದ ತರಬೇತಿ ಇದೆ. ಸರ್ಕಾರ ಅದನ್ನು ವೃತ್ತಿಯೆಂದು ಕಲಿಸುತ್ತದೆ. ಪಟ್ಟಿ ಮಾಡುವಾಗ ದರ್ಜಿಯ ಮಡಿಲಿಗೆ ಹಾಕುತ್ತದೆ.

ಸಾವಿರ ಹೊಲಿಗೆಗೆ ಇಷ್ಟು

ಕಂಪ್ಯೂಟರ್ ಕಸೂತಿ ಯಂತ್ರಗಳು ಜಗತ್ತಿನ ಮಾರುಕಟ್ಟೆಯಲ್ಲಿ ನೆಲೆಯೂರಿದ್ದು 1970-80ರ ದಶಕಗಳಲ್ಲಿ. ಜಪಾನಿನ ತಾಜಿಮಾ, ಬರುಡಾನ್ ಮುಂತಾದ ಕಂಪನಿಗಳ ಬಹುಶಿರದ ಯಂತ್ರಗಳು ಒಂದೇ ವಿನ್ಯಾಸವನ್ನು ಏಕಕಾಲಕ್ಕೆ ಹಲವು ಬಟ್ಟೆಗಳ ಮೇಲೆ ಮೂಡಿಸುತ್ತವೆ. ಇಲ್ಲಿಯೂ ಸೂಜಿ ನಿಂತಲ್ಲೇ ನಿಂತಿರುತ್ತದೆ, ಚೌಕಟ್ಟು ಸರಿಯುತ್ತದೆ. ಸರಿಸುವುದು ಮಾತ್ರ ಮೋಟಾರು. ಚಿತ್ರವನ್ನು ಹೊಲಿಗೆಗಳಾಗಿ ಒಡೆದು ಯಂತ್ರಕ್ಕೆ ತಿಳಿಸುವ 'ಪಂಚಿಂಗ್' ಕೂಡ ಜಾಣ್ಮೆಯ ಕೆಲಸವೇ, ಅದನ್ನು ಹಳಿಯಬೇಕಾದ್ದಿಲ್ಲ. ಆದರೆ ಒಮ್ಮೆ ಪಂಚಿಂಗ್ ಆಯಿತೆಂದರೆ ನೂರನೆಯ ನವಿಲೂ ಮೊದಲನೆಯ ನವಿಲಿನ ಪಡಿಯಚ್ಚು. ದರವನ್ನು ಸಾಮಾನ್ಯವಾಗಿ ಸಾವಿರ ಹೊಲಿಗೆಗೆ ಇಷ್ಟು ಎಂದು ಲೆಕ್ಕ ಹಾಕುತ್ತಾರೆ. ಕೈಯಿಂದ ರಿಂಗ್ ಆಡಿಸುವವಳ ಹೊಲಿಗೆಯನ್ನು ಎಣಿಸುವವರಿಲ್ಲ; ಅವಳಿಗೆ ಪೀಸಿಗಿಷ್ಟು. ಮೇಲಿನಿಂದ ಮಗ್ಗಂ ಕೆಲಸದ ಪ್ರತಿಷ್ಠೆ, ಕೆಳಗಿನಿಂದ ಕಂಪ್ಯೂಟರಿನ ಅಗ್ಗದ ದರ. ನಡುವೆ ಸಿಕ್ಕ ವಿದ್ಯೆಯ ಸ್ಥಿತಿ ಅಡಕತ್ತರಿಯಲ್ಲಿನ ಅಡಿಕೆಯದು.

ಅದಕ್ಕೇ ಕೊಳ್ಳುವವರು ಗುರುತು ಹಿಡಿಯಲು ಕಲಿತರೆ ಒಳ್ಳೆಯದು. ಬಟ್ಟೆಯನ್ನು ಮಗುಚಿ ನೋಡುವುದು ಮೊದಲ ಪಾಠ. ಮಗ್ಗಂ ಅಥವಾ ಆರಿ ಕೆಲಸವಾದರೆ ಮುಖದ ಮೇಲೆ ಸರಪಳಿ, ಬೆನ್ನಿನಲ್ಲಿ ಅದೇ ದಾರದ ಸರಳ ಗೆರೆ. ಕಂಪ್ಯೂಟರಿನದಾದರೆ ಬೆನ್ನಿನಲ್ಲಿ ಸಾಮಾನ್ಯವಾಗಿ ಬಿಳಿಯ ಬಾಬಿನ್ ದಾರ, ಬಟ್ಟೆ ಸುಕ್ಕಾಗದಿರಲಿ ಎಂದು ಇಟ್ಟ ಕಾಗದದಂಥ ಒರಟು ಪದರದ ಚೂರುಗಳು. ಮುಂಭಾಗದ ಎರಡು ಹೂಗಳನ್ನು ಹೋಲಿಸಿದರೆ ಕೂದಲೆಳೆಯ ವ್ಯತ್ಯಾಸವೂ ಇರದು. ಕೈ ನಡೆಸಿದ ಯಂತ್ರದ ಕಸೂತಿಯಲ್ಲೂ ಬೆನ್ನಿಗೆ ಬಾಬಿನ್ ದಾರ ಇದ್ದೇ ಇರುತ್ತದೆ. ಆದರೆ ಹೊಲಿಗೆಗಳ ಉದ್ದ ಒಂದೇ ಸಮ ಇರುವುದಿಲ್ಲ. ತಿರುವಿನಲ್ಲಿ ಚಿಕ್ಕದಾಗಿ, ನೇರದಲ್ಲಿ ಉದ್ದವಾಗಿರುತ್ತವೆ. ಐದು ಎಸಳಿನ ಹೂವಿನಲ್ಲಿ ಒಂದು ಎಸಳು ತುಸು ದಪ್ಪ. ಒಂದು ಎಲೆ ಮುಗಿದಲ್ಲಿಂದ ಮುಂದಿನ ಎಲೆಗೆ ದಾರ ಕತ್ತರಿಸದೆ ಗೆರೆ ಹರಿದುಹೋದ ಜಾಡು ಕಾಣುತ್ತದೆ. ಅಂಥ ಜಾಡು ಕಂಡರೆ ಅಲ್ಲಿ ಒಬ್ಬರು ರಿಂಗ್ ಹಿಡಿದು ಕುಳಿತಿದ್ದರು ಎಂದರ್ಥ.

ಅವರ ಚಿತ್ರಗಳಿಗೆ ದಾಖಲೆ ಎಂದು ಇರುವುದು ಒಂದೇ: ಬಟರ್ ಪೇಪರ್. ವಿನ್ಯಾಸವನ್ನು ಅದರ ಮೇಲೆ ಬರೆದು, ಗೆರೆಯುದ್ದಕ್ಕೂ ಸೂಜಿಯಿಂದ ಒತ್ತೊತ್ತಾಗಿ ತೂತು ಚುಚ್ಚುತ್ತಾರೆ. ದಾರವಿಲ್ಲದ ಸೂಜಿಯನ್ನು ಯಂತ್ರದಲ್ಲೇ ಓಡಿಸಿ ಚುಚ್ಚುವವರೂ ಇದ್ದಾರೆ. ಬಟ್ಟೆಯ ಮೇಲೆ ಕಾಗದ ಹಾಸಿ, ಸೀಮೆಎಣ್ಣೆಯಲ್ಲಿ ಕಲಸಿದ ನೀಲಿ ಅಥವಾ ಬಿಳಿ ಪುಡಿಯನ್ನು ಬಟ್ಟೆಯ ಉಂಡೆಯಿಂದ ಒರೆಸಿದರೆ ಚುಕ್ಕೆಚುಕ್ಕೆಯಾಗಿ ಚಿತ್ರ ಕೆಳಗಿಳಿಯುತ್ತದೆ. ಸೀಮೆಎಣ್ಣೆ ಆರಿಹೋಗುತ್ತದೆ, ಚುಕ್ಕೆ ನಿಲ್ಲುತ್ತದೆ. ಒಂದು ಕಾಗದದಿಂದ ಎಷ್ಟೋ ಬ್ಲೌಸುಗಳಿಗೆ ಚಿತ್ರ ಇಳಿಸಬಹುದು. ಹಳೆಯ ಅಂಗಡಿಯಲ್ಲಿ ಇಂಥ ಹಾಳೆಗಳು ಸುರುಳಿ ಸುತ್ತಿ ರಬ್ಬರ್ ಬ್ಯಾಂಡ್ ಹಾಕಿ ಯಂತ್ರದ ಕೆಳಗಿನ ಡಬ್ಬದಲ್ಲಿರುತ್ತವೆ. ನವಿಲು, ಮಾವಿನಕಾಯಿ, ಬಳ್ಳಿ, ಜಾಲರಿ, ನಡುವೆ ಎಂದೋ ಹೊಲಿದ ದಿಂಬಿನ ಗಿಳಿ. ಯಾರು ಬರೆದದ್ದು ಎಂಬ ಸಹಿ ಅವುಗಳ ಮೇಲಿರುವುದಿಲ್ಲ. ಅಂಗಡಿ ಖಾಲಿ ಮಾಡುವ ದಿನ ಯಂತ್ರ ಮಾರಾಟವಾಗುತ್ತದೆ, ಮಿಕ್ಕ ದಾರದ ರೀಲುಗಳನ್ನು ಯಾರೋ ಕೊಂಡೊಯ್ಯುತ್ತಾರೆ. ಸೀಮೆಎಣ್ಣೆ ವಾಸನೆಯ, ನೀಲಿ ಹಿಡಿದ ಆ ಸುರುಳಿ ಹಳೆ ಪೇಪರಿನವನ ತಕ್ಕಡಿಗೆ ಹೋಗುತ್ತದೆ.